ತಜ್ಞರ ಉತ್ತರ: ಐದು ವರ್ಷ ಅನುಭವವಿರುವ ಸಮಾಲೋಚಕಿಗೂ ಸೂಪರ್‌ವಿಷನ್ ಬೇಕೇ?

ಪ್ರಶ್ನೆ: ನಾನು ಶಿರಸಿಯವಳು. ಮನಶ್ಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಐದು ವರ್ಷಗಳಿಂದ ಮನೆಯ ಮುಂಭಾಗದ ಕೋಣೆಯಲ್ಲಿ ಆಪ್ತ ಸಮಾಲೋಚನೆ ನಡೆಸುತ್ತಿದ್ದೇನೆ. ವಾರಕ್ಕೆ ಹತ್ತು-ಹನ್ನೆರಡು ಜನ ಬರುತ್ತಾರೆ. ಬೆಂಗಳೂರಿನ ಸ್ನೇಹಿತೆಯೊಬ್ಬಳು ಹಣ ಕೊಟ್ಟು ಸೂಪರ್‌ವಿಷನ್ (ತನ್ನ ಸಮಾಲೋಚನೆಯ ಕೆಲಸದ ಬಗ್ಗೆ ಹಿರಿಯರೊಬ್ಬರೊಡನೆ ನಿಯಮಿತವಾಗಿ ಚರ್ಚಿಸುವುದು) ಪಡೆಯುತ್ತಾಳೆ, ನನಗೂ ಪಡೆಯಲು ಹೇಳುತ್ತಾಳೆ. ನಮ್ಮ ಮನೆಯವರು "ಐದು ವರ್ಷ ಕೆಲಸ ಮಾಡಿದ ಮೇಲೂ ಇನ್ನೊಬ್ಬರ ಹತ್ತಿರ ತಪ್ಪು ತೋರಿಸಿಕೊಳ್ಳಬೇಕೇ?" ಎನ್ನುತ್ತಾರೆ. ನನ್ನ ಭಯ ಬೇರೆ. ನಮ್ಮ ಕಡೆ ಊರು ಮತ್ತು ಮನೆ ಹೇಳಿದರೆ ಸಾಕು, ಯಾರೆಂದು ಗೊತ್ತಾಗುತ್ತದೆ. ನಂಬಿ ಹೇಳಿದ್ದನ್ನು ಮತ್ತೊಬ್ಬರ ಮುಂದೆ ಹೇಳುವುದು ಗುಟ್ಟು ಬಿಟ್ಟುಕೊಟ್ಟಂತೆ ಅಲ್ಲವೇ? ಸೂಪರ್‌ವೈಸರ್ ಆಗಿ ಯಾರನ್ನು ಆರಿಸಬೇಕು? ಕುಮಟಾದಲ್ಲಿರುವ ನನ್ನ ಗೆಳತಿ ಲೈಫ್ ಕೋಚ್ (ಬದುಕಿನ ಗುರಿ ಮುಟ್ಟಲು ಜನರಿಗೆ ನೆರವಾಗುವವಳು), ಅವಳಿಗೂ ಇದು ಬೇಕೇ? ಇತ್ತೀಚೆಗೆ ಇಬ್ಬರು ಎರಡು ಭೇಟಿಯ ನಂತರ ಬರುವುದನ್ನೇ ಬಿಟ್ಟರು. ದೂರದ ಸಂಬಂಧಿಕರ ಮಗನೊಬ್ಬ ಬರುತ್ತಿದ್ದಾನೆ, ಅವನ ತಾಯಿ ರಾತ್ರಿ ಫೋನ್ ಮಾಡುತ್ತಿರುತ್ತಾರೆ, ಅದಿರಲಿ.

ಉತ್ತರ: ಬೇಕು. ಐದು ವರ್ಷಗಳ ನಂತರವೂ ಬೇಕು, ಇಪ್ಪತ್ತೈದು ವರ್ಷಗಳ ನಂತರವೂ ಬೇಕು. ಕಾರವಾರದಲ್ಲಿ ಬಹುಕಾಲದಿಂದ ಇದೇ ಕೆಲಸ ಮಾಡುತ್ತಿರುವ ನಾನು ಈಗಲೂ ತಿಂಗಳಿಗೆ ಎರಡು ಬಾರಿ ನನ್ನ ಸೂಪರ್‌ವೈಸರ್ ಮುಂದೆ ಕುಳಿತುಕೊಳ್ಳುತ್ತೇನೆ, ಬೇರೆಯವರಿಗೆ ನಾನೂ ಸೂಪರ್‌ವಿಷನ್ ಕೊಡುತ್ತೇನೆ.

ನಿಮ್ಮ ಮನೆಯವರ ಮಾತಿನಲ್ಲಿ ಅಡಗಿರುವ ತಪ್ಪು ತಿಳಿವಳಿಕೆಗೆ ಅರ್ಧ ಕಾರಣ ನಮ್ಮ ಭಾಷೆಯಲ್ಲಿಯೇ ಇದೆ. ಸೂಪರ್‌ವಿಷನ್ ಎಂಬುದನ್ನು ನಾವು ‘ಮೇಲ್ವಿಚಾರಣೆ’ ಎನ್ನುತ್ತೇವೆ, ಮತ್ತು ಆ ಮಾತು ಕೇಳಿದೊಡನೆ ಪರೀಕ್ಷಾ ಕೊಠಡಿಯಲ್ಲಿ ಬೆಂಚುಗಳ ನಡುವೆ ಓಡಾಡುವವರು ಅಥವಾ ಕಾಮಗಾರಿಯ ಬಳಿ ನಿಂತು ಲೆಕ್ಕ ಬರೆದುಕೊಳ್ಳುವವರು ಕಣ್ಣ ಮುಂದೆ ಬರುತ್ತಾರೆ. ಸಮಾಲೋಚಕರ ಸೂಪರ್‌ವಿಷನ್‌ನಲ್ಲಿ ಮೇಲೆ ನಿಂತು ನೋಡುವವರು ಯಾರೂ ಇಲ್ಲ. ಎದುರಿನ ಕುರ್ಚಿಯಲ್ಲಿ ಕುಳಿತು, ನೀವು ಮತ್ತು ನಿಮ್ಮ ಬಳಿ ಬಂದವರು ಸೇರಿ ಆ ಕೋಣೆಯಲ್ಲಿ ಏನು ಮಾಡುತ್ತಿದ್ದೀರಿ ಎಂಬುದನ್ನು ನಿಮ್ಮೊಡನೆ ಸೇರಿ ನೋಡುವವರು ಇರುತ್ತಾರೆ. ನೀವು ಆ ಕೋಣೆಯ ಒಳಗಿರುವುದರಿಂದ ಅದರ ಒಂದು ಪಾಲು ನಿಮಗೆ ಎಂದಿಗೂ ಕಾಣಿಸುವುದಿಲ್ಲ, ಅನುಭವ ಹೆಚ್ಚಾದರೂ ಕಾಣಿಸುವುದಿಲ್ಲ. ನನ್ನ ಅನಿಸಿಕೆ ಕೇಳಿದರೆ, ಅನುಭವ ಹೆಚ್ಚಿದಂತೆ ಅದು ಇನ್ನಷ್ಟು ಮರೆಯಾಗುತ್ತದೆ, ಏಕೆಂದರೆ ಅಷ್ಟು ಹೊತ್ತಿಗೆ ನಮ್ಮ ರೂಢಿಗಳು ನಮಗೆ ರೂಢಿಗಳೆಂದೇ ತೋರುವುದಿಲ್ಲ.

ಈ ಪದ್ಧತಿ ಹೊಸದೇನೂ ಅಲ್ಲ. 1920ರಲ್ಲಿ ಬರ್ಲಿನ್‌ನಲ್ಲಿ ಮ್ಯಾಕ್ಸ್ ಐಟಿಂಗೋನ್ ಮುಂತಾದವರು ಆರಂಭಿಸಿದ ಮನೋವಿಶ್ಲೇಷಣಾ ಚಿಕಿತ್ಸಾಲಯದಲ್ಲಿ, ಪಾಠ ಕೇಳುವುದು, ಸ್ವತಃ ವಿಶ್ಲೇಷಣೆಗೆ ಒಳಗಾಗುವುದು ಮತ್ತು ಹಿರಿಯರೊಡನೆ ಚರ್ಚಿಸುತ್ತಾ ರೋಗಿಗಳನ್ನು ನೋಡುವುದು ಎಂಬ ಮೂರೂ ಸೇರಿದರೆ ಮಾತ್ರ ತರಬೇತಿ ಎಂಬ ಕ್ರಮ ಬೆಳೆಯಿತು. ಅಲ್ಲಿ ಅದು ಕಲಿಯುವವರಿಗಾಗಿ ಇದ್ದದ್ದು. ಕಾಲಕ್ರಮೇಣ ಕಲಿತವರಿಗೂ ಅದು ಅಗತ್ಯವೆಂಬ ತಿಳಿವಳಿಕೆ ಬಂತು. ಬ್ರಿಟನ್ನಿನ ಸಮಾಲೋಚಕರ ದೊಡ್ಡ ಸಂಘವಾದ ಬಿಎಸಿಪಿ ತನ್ನ ಮಾನ್ಯತೆ ಪಡೆದ ಸದಸ್ಯರು ಎಷ್ಟೇ ಹಿರಿಯರಾಗಿದ್ದರೂ ತಿಂಗಳಿಗೆ ಕನಿಷ್ಠ ಒಂದೂವರೆ ಗಂಟೆ ಸೂಪರ್‌ವಿಷನ್ ಪಡೆಯಬೇಕೆಂದು ಕೇಳುತ್ತದೆ. ನಮ್ಮ ದೇಶದಲ್ಲಿ ಭಾರತೀಯ ಪುನರ್ವಸತಿ ಮಂಡಳಿಯ ಮಾನ್ಯತೆಯಿರುವ ಕ್ಲಿನಿಕಲ್ ಸೈಕಾಲಜಿ ಎಂ.ಫಿಲ್. ಮಾಡಿದವರು ಎರಡು ವರ್ಷ ಹಿರಿಯರ ಕಣ್ಣೆದುರಿನಲ್ಲಿ ರೋಗಿಗಳನ್ನು ನೋಡಿ ಕೆಲಸ ಕಲಿತಿರುತ್ತಾರೆ. ಎಂ.ಎಸ್ಸಿ. ಮುಗಿಸಿ ನೇರವಾಗಿ ಕೋಣೆ ತೆರೆದ ನಿಮ್ಮಂಥ ಅನೇಕರಿಗೆ ಆ ಎರಡು ವರ್ಷಗಳೂ ಸಿಕ್ಕಿರುವುದಿಲ್ಲ. ಆದ್ದರಿಂದ ನಿಮ್ಮ ಸ್ನೇಹಿತೆಯ ಸಲಹೆ ಸರಿಯಾದದ್ದು.

ಸೂಪರ್‌ವಿಷನ್‌ನ ಕೆಲಸ ಮೂರು ಬಗೆಯದೆಂದು ಬ್ರಿಟನ್ನಿನ ಬ್ರಿಜಿಡ್ ಪ್ರಾಕ್ಟರ್ 1980ರ ದಶಕದಲ್ಲಿ ವಿಂಗಡಿಸಿ ಹೇಳಿದರು: ಕೆಲಸ ನೀತಿನಿಯಮಗಳ ಒಳಗಿದೆಯೇ ಎಂದು ನೋಡುವುದು, ಕೌಶಲವನ್ನು ಬೆಳೆಸುವುದು, ಮತ್ತು ದಣಿದ ಸಮಾಲೋಚಕರನ್ನು ಮತ್ತೆ ಚೇತರಿಸಿಕೊಳ್ಳುವಂತೆ ಮಾಡುವುದು. ಓದಲು ಇವು ಬೇರೆ ಬೇರೆ ಎನಿಸುತ್ತವೆ. ನಡೆಯುವಾಗ ಮೂರೂ ಒಂದೇ ಗಂಟೆಯಲ್ಲಿ ಹೆಣೆದುಕೊಂಡಿರುತ್ತವೆ. ನನಗೆ ಅದು ಅರ್ಥವಾದ ದಿನದ ಬಗ್ಗೆ ಹೇಳುತ್ತೇನೆ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ.

ವೃತ್ತಿಯ ಆರಂಭದ ವರ್ಷಗಳಲ್ಲಿ ನನ್ನ ಬಳಿ ಕರಾವಳಿಯ ಒಂದು ಊರಿನಿಂದ ಮೀನುಗಾರರ ಮನೆಯ ಹೆಂಗಸೊಬ್ಬರು ಬರುತ್ತಿದ್ದರು. ಜೂನ್-ಜುಲೈ ತಿಂಗಳ ಮೀನುಗಾರಿಕೆ ನಿಷೇಧ ಮುಗಿದ ಮೊದಲ ವಾರದಲ್ಲಿಯೇ ಕಡಲಿಗೆ ಹೋದ ಅವರ ಗಂಡನ ದೋಣಿ ಮಗುಚಿತ್ತು. ಜೊತೆಗಿದ್ದವರು ಈಜಿ ದಡ ಸೇರಿದರು, ಇವರ ಗಂಡ ಸಿಗಲಿಲ್ಲ, ದೇಹವೂ ಸಿಗಲಿಲ್ಲ. ಏಳು ವರ್ಷ ಸುಳಿವಿಲ್ಲದಿದ್ದರೆ ಮಾತ್ರ ಮರಣವೆಂದು ಭಾವಿಸಲು ಕಾನೂನಿನಲ್ಲಿ ಅವಕಾಶವಿದೆ, ಆಗ ನಡೆಯುತ್ತಿದ್ದದ್ದು ನಾಲ್ಕನೆಯ ವರ್ಷ. ಮಾವನ ಮನೆಯವರು ಕ್ರಿಯೆ ಮಾಡಿ ಮುಗಿಸೋಣವೆನ್ನುತ್ತಿದ್ದರು, ಈಕೆ ಬಳೆ ತೆಗೆಯಲು ಒಪ್ಪುತ್ತಿರಲಿಲ್ಲ. ನನ್ನ ಎಲ್ಲ ಭೇಟಿಗಳೂ ಐವತ್ತು ನಿಮಿಷಕ್ಕೆ ಮುಗಿಯುತ್ತಿದ್ದವು, ಇವರದ್ದು ಮಾತ್ರ ಒಂದೂಕಾಲು ಗಂಟೆಯವರೆಗೆ ಹೋಗುತ್ತಿತ್ತು. ಬಾಗಿಲವರೆಗೆ ಹೋಗಿ, ಚಪ್ಪಲಿ ಮೆಟ್ಟಿಕೊಳ್ಳುತ್ತಾ, ಪ್ರತಿ ಸಲವೂ ತಿರುಗಿ ನಿಂತು ಕೇಳುತ್ತಿದ್ದರು: "ಅಕ್ಕೋರೆ, ನಾಳೆ ಬಂದ್ರೂ ಬರ್ಬೋದಲ್ರಾ?" ನಾನು ಹೌದೆನ್ನಲಾರದೆ ಇಲ್ಲವೆನ್ನಲಾರದೆ ಅವರನ್ನು ಮತ್ತೆ ಒಳಗೆ ಕರೆದು ಕೂರಿಸುತ್ತಿದ್ದೆ.

ಆಗ ನನ್ನ ಸೂಪರ್‌ವೈಸರ್ ಇದ್ದದ್ದು ಧಾರವಾಡದಲ್ಲಿ. ಬೆಳಗಿನ ಬಸ್ಸು ಹಿಡಿದು ಅರಬೈಲ್ ಘಟ್ಟ ಹತ್ತಿ ಹೋಗಿ ಅದೇ ದಿನ ಸಂಜೆ ಹೊರಡುತ್ತಿದ್ದೆ. ಆ ದಿನ ಈ ಪ್ರಕರಣವನ್ನು ಹೇಳಿ, ಯಾವ ವಿಧಾನ ಬಳಸಲಿ ಎಂದು ಕೇಳಿದೆ. ಅವರು ವಿಧಾನದ ಬಗ್ಗೆ ಏನೂ ಹೇಳಲಿಲ್ಲ. ಸಮಯ ಮುಗಿಯಿತು. ನಾನು ಫೈಲನ್ನು ಚೀಲಕ್ಕೆ ಹಾಕಿದೆ, ಇನ್ನೊಂದು ಮಾತು ನೆನಪಾಗಿ ತೆಗೆದೆ, ಮತ್ತೆ ಹಾಕಿದೆ, ಮತ್ತೆ ತೆಗೆದೆ. ಆಗ ಅವರು ನಿಧಾನವಾಗಿ ಹೇಳಿದರು: "ಸಮಯ ಮುಗಿದು ಹದಿನೈದು ನಿಮಿಷ ಆಯಿತು. ಬೇರೆ ದಿನ ಬಸ್ಸಿಗೆ ಹೊತ್ತಾಯಿತೆಂದು ನನಗಿಂತ ಮೊದಲೇ ನೀವು ಏಳುತ್ತೀರಿ. ಇವತ್ತು ಏಳಲಿಕ್ಕೆ ಆಗದೇ ಇರುವುದು ಯಾರಿಗೆ?"

ಆ ಹೆಂಗಸು ನನ್ನ ಮುಂದೆ ಮಾಡುತ್ತಿದ್ದುದನ್ನೇ ನಾನು ಅವರ ಮುಂದೆ ಮಾಡುತ್ತಿದ್ದೆ. ಮುಗಿಯಿತು ಎಂಬ ಮಾತು ಆಕೆಯ ಬಾಯಿಂದಲೂ ಬರುತ್ತಿರಲಿಲ್ಲ, ನನ್ನ ಬಾಯಿಂದಲೂ ಬರುತ್ತಿರಲಿಲ್ಲ. ಭೇಟಿಯನ್ನು ಮುಗಿಸುವುದೆಂದರೆ ಆಕೆಯ ಗಂಡನನ್ನು ನಾನೇ ಕಡಲಿಗೆ ಬಿಟ್ಟುಕೊಟ್ಟಂತೆ ಎಂದು ನನಗೇ ತಿಳಿಯದೆ ಅಂದುಕೊಂಡಿದ್ದೆ. ಮುಂದಿನ ಭೇಟಿಯಲ್ಲಿ ನಲವತ್ತು ನಿಮಿಷವಾದಾಗ ನಾನು ಆಕೆಗೆ, ಇನ್ನು ಹತ್ತು ನಿಮಿಷವಿದೆ, ನೀವು ಹೊರಡುವಾಗ ಕೇಳುವ ಪ್ರಶ್ನೆಯನ್ನು ಈಗಲೇ ಕುಳಿತು ಕೇಳಿ ಎಂದೆ. ಆಕೆ ಬಹಳ ಹೊತ್ತು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡಿದರು. ಆಮೇಲೆ ಹೇಳಿದರು: "ಅವ್ರು ಬರೂದಿಲ್ಲ ಅಂತ ನಂಗೊತ್ತದೆ ಅಕ್ಕೋರೆ. ಬಾಯಿಬಿಟ್ಟು ಹೇಳಿದ್ರೆ ನಾನೇ ಕೊಂದ ಹಾಗೆ ಆಗ್ತದೆ." ನಿಜವಾದ ಸಮಾಲೋಚನೆ ಶುರುವಾದದ್ದು ಆ ದಿನ.

ಹೀಗೆ ಸಮಾಲೋಚನೆಯ ಕೋಣೆಯಲ್ಲಿ ನಡೆಯುವುದು ಸೂಪರ್‌ವಿಷನ್‌ನ ಕೋಣೆಯಲ್ಲಿ ಮರುಕಳಿಸುವುದನ್ನು ಅಮೆರಿಕದ ಮನೋವಿಶ್ಲೇಷಕ ಹೆರಾಲ್ಡ್ ಸರ್ಲ್ಸ್ 1955ರಲ್ಲಿಯೇ ಗುರುತಿಸಿ ಬರೆದಿದ್ದರು. ನನ್ನ ಸೂಪರ್‌ವೈಸರ್ ಮರುತಿಂಗಳು ಪಾಲಿನ್ ಬಾಸ್ ಅವರ ಕೆಲಸವನ್ನು ಪರಿಚಯಿಸಿದರು. ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ ಸೈನಿಕರ ಮನೆಯವರೊಡನೆ ಬಾಸ್ 1970ರ ದಶಕದಲ್ಲಿ ಕೆಲಸ ಮಾಡಿ, ಇದ್ದಾರೋ ಇಲ್ಲವೋ ತಿಳಿಯದ ಅಗಲಿಕೆಗೆ ಸಾಮಾನ್ಯ ಶೋಕದ ಕ್ರಮ ಹೊಂದುವುದಿಲ್ಲವೆಂದು ತೋರಿಸಿದವರು. ಅದು ನನ್ನ ಕೌಶಲಕ್ಕೆ ಸಿಕ್ಕ ಪಾಠ. ಆ ಹೆಂಗಸಿಗೆ ಪ್ರಾಣ ಕಳೆದುಕೊಳ್ಳುವ ಯೋಚನೆ ಇದೆಯೇ ಎಂದು ನಾನು ನೇರವಾಗಿ ಕೇಳಿದ್ದೆನೇ, ಹೆಚ್ಚು ಹೊತ್ತು ಕೂರಿಸುವ ವಿಷಯದಲ್ಲಿ ಉಳಿದವರಿಗೂ ಈಕೆಗೂ ಭೇದ ಮಾಡುತ್ತಿದ್ದೇನೆಯೇ ಎಂದು ನನ್ನ ಸೂಪರ್‌ವೈಸರ್ ವಿಚಾರಿಸಿದ್ದು ನೀತಿಯ ಭಾಗ. ಹಿಂದಿರುಗುವಾಗ ಯಲ್ಲಾಪುರದಿಂದ ಅಂಕೋಲಾದವರೆಗೆ ನಾನು ಬಸ್ಸಿನಲ್ಲಿ ನಿದ್ದೆ ಹೋಗಿದ್ದೆ, ಅದಕ್ಕೆ ಮೊದಲು ಹಲವು ವಾರ ನನಗೆ ಸರಿಯಾಗಿ ನಿದ್ದೆ ಇರಲಿಲ್ಲ. ಪ್ರಾಕ್ಟರ್ ಹೇಳಿದ ಮೂರನೆಯ ಕೆಲಸ ಅದು.

ಆ ಮೂರನೆಯದನ್ನು ನಮ್ಮ ಜಿಲ್ಲೆಯವರು ಹಗುರವಾಗಿ ಕಾಣಬಾರದು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಜನ ಗಂಗಾವಳಿ ನದಿಯ ಪಾಲಾದ ಮೇಲೆ, ಮಳೆಯ ಸದ್ದಿಗೆ ಬೆಚ್ಚಿ ಏಳುವವರು, ಆ ದಾರಿಯಲ್ಲಿ ಬಸ್ಸು ಹತ್ತಲು ಒಲ್ಲೆ ಎನ್ನುವವರು ನನ್ನ ಬಳಿ ಬಂದರು. ನಾನೂ ಅದೇ ದಾರಿಯಲ್ಲಿ ಓಡಾಡುವವಳು. ಎದುರಿಗೆ ಕುಳಿತವರ ಭಯ ಮತ್ತು ನನ್ನ ಭಯ ಒಂದೇ ಗುಡ್ಡದ್ದಾಗಿರುವಾಗ, ಅವರಿಗೆ ನಾನು ಹೇಳುತ್ತಿರುವ ಸಮಾಧಾನ ಅವರಿಗೋ ನನಗೋ ಎಂದು ಬಿಡಿಸಿ ನೋಡಲು ಆ ಗುಡ್ಡದಿಂದ ದೂರವಿರುವ ಒಬ್ಬರು ಬೇಕಾಗುತ್ತಾರೆ.

ಈಗ ಗುಟ್ಟಿನ ವಿಷಯ. ನಿಮ್ಮ ಭಯ ನ್ಯಾಯವಾದದ್ದು, ಮತ್ತು ಆ ಭಯವಿರುವವರೇ ಈ ಕೆಲಸಕ್ಕೆ ತಕ್ಕವರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 23ನೆಯ ಸೆಕ್ಷನ್ ಮಾನಸಿಕ ಅಸ್ವಸ್ಥತೆಯಿರುವವರ ಮಾಹಿತಿ ಗೋಪ್ಯವಾಗಿರಬೇಕೆಂಬುದನ್ನು ಅವರ ಹಕ್ಕಾಗಿಯೇ ಹೇಳಿ, ಕೆಲವು ವಿನಾಯಿತಿಗಳನ್ನು ಕೊಡುತ್ತದೆ. ವಿನಾಯಿತಿಗಳನ್ನು ಹುಡುಕುವುದಕ್ಕಿಂತ, ಮೊದಲ ಭೇಟಿಯಲ್ಲಿಯೇ ಬಂದವರ ಒಪ್ಪಿಗೆ ಕೇಳುವುದು ನೇರವಾದ ದಾರಿ. ನಾನು ಹೇಳುವ ಮಾತು ಇಷ್ಟೇ: "ನನ್ನ ಕೆಲಸ ಸರಿಯಾಗಿದೆಯೇ ಎಂದು ನೋಡಿಕೊಳ್ಳಲು ನಾನು ಈ ಜಿಲ್ಲೆಯವರಲ್ಲದ ಹಿರಿಯರೊಬ್ಬರ ಬಳಿ ಮಾತನಾಡುತ್ತೇನೆ. ನಿಮ್ಮ ಹೆಸರು, ಊರು, ಮನೆತನ ಹೇಳುವುದಿಲ್ಲ. ಗುಟ್ಟು ಕಾಯುವ ನಿಯಮ ನನ್ನಂತೆ ಅವರಿಗೂ ಇದೆ. ನಿಮಗೆ ಒಪ್ಪಿಗೆಯೇ?" ಬಹುತೇಕರು ಒಪ್ಪುತ್ತಾರೆ, ಕೆಲವರ ಮುಖದಲ್ಲಿ ನೆಮ್ಮದಿಯೂ ಕಾಣುತ್ತದೆ. ಒಪ್ಪದವರ ಕಥೆಯನ್ನು ನಾನು ಒಯ್ಯುವುದಿಲ್ಲ. ಅವರ ಎದುರು ಕುಳಿತಾಗ ನನ್ನೊಳಗೆ ಏನಾಗುತ್ತದೆ ಎಂಬುದನ್ನು ಮಾತ್ರ ಒಯ್ಯುತ್ತೇನೆ.

ಹೆಸರು ಬದಲಿಸಿದರೆ ಸಾಲದು ಎಂಬ ನಿಮ್ಮ ಮಾತು ನಮ್ಮ ಕಡೆಗೆ ಅಕ್ಷರಶಃ ನಿಜ. ‘ಸಿದ್ದಾಪುರ ರಸ್ತೆಯ ಕಡೆಯ ಹಳ್ಳಿ, ನಾಲ್ಕು ಎಕರೆ ಅಡಿಕೆ ತೋಟ, ಮೂವತ್ತೆಂಟಾದರೂ ಮದುವೆಯಾಗಿಲ್ಲ, ಮೇಳದಲ್ಲಿ ಸ್ತ್ರೀವೇಷ ಮಾಡುತ್ತಾರೆ’ ಎಂದರೆ ಹೆಸರಿನ ಅಗತ್ಯವೇ ಇಲ್ಲ, ಕೇಳಿದವರು ಮನೆಯ ದಾರಿಯನ್ನೂ ಹೇಳಬಲ್ಲರು. ಆದರೆ ಸೂಪರ್‌ವೈಸರ್‌ಗೆ ಇದರಲ್ಲಿ ಬೇಕಾದದ್ದು ಬಹಳ ಕಡಿಮೆ. ‘ಮೂವತ್ತು ದಾಟಿದ ಗಂಡಸು, ಒಂಟಿತನದ ನೋವು, ನನ್ನ ಎದುರು ಮಾತ್ರ ಸದಾ ನಗೆಚಾಟಿಕೆ ಮಾಡುತ್ತಾರೆ, ಅವರು ಹೋದ ಮೇಲೆ ನನಗೆ ಕಾರಣವಿಲ್ಲದೆ ದಣಿವಾಗುತ್ತದೆ’ ಎಂದರೆ ಸಾಕು. ನಿಮ್ಮಿಬ್ಬರ ನಡುವೆ ಏನು ನಡೆಯುತ್ತಿದೆ ಎಂಬುದು ಚರ್ಚೆಗೆ ಬೇಕಾದ ವಸ್ತು, ಅವರ ಕುಲಗೋತ್ರವಲ್ಲ. ವಾಟ್ಸಾಪ್‌ನಲ್ಲಿ ಪ್ರಕರಣದ ವಿವರ ಅಥವಾ ಧ್ವನಿ ಸಂದೇಶ ಕಳಿಸಬೇಡಿ. ವಿಡಿಯೋ ಕರೆಯಲ್ಲಿ ಮಾತನಾಡುವುದಾದರೆ, ಮಳೆಗಾಲದಲ್ಲಿ ಸಿಗ್ನಲ್ ಸಿಗುವುದು ಜಗಲಿಯಲ್ಲಿ ಮಾತ್ರ ಎಂಬ ಕಾರಣಕ್ಕೆ ಅಲ್ಲಿ ಕುಳಿತು ಮಾತನಾಡದೆ, ದಿನವನ್ನೇ ಬದಲಿಸಿಕೊಳ್ಳಿ.

ಇದೇ ಕಾರಣಕ್ಕೆ ನಿಮ್ಮ ಸೂಪರ್‌ವೈಸರ್ ಶಿರಸಿ, ಸಿದ್ದಾಪುರ, ಯಲ್ಲಾಪುರದವರು ಆಗಿರದಿದ್ದರೆ ಒಳ್ಳೆಯದು. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್‌ನಂಥ ಮಾನಸಿಕ ಆರೋಗ್ಯ ಸಂಸ್ಥೆಗಳಲ್ಲಿ ತರಬೇತಿ ಪಡೆದು ಸ್ವತಂತ್ರವಾಗಿ ಕೆಲಸ ಮಾಡುತ್ತಿರುವ ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು ಮತ್ತು ಮನೋವೈದ್ಯಕೀಯ ಸಮಾಜಕಾರ್ಯಕರ್ತರಲ್ಲಿ ವಿಚಾರಿಸಿ. ಸೂಪರ್‌ವಿಷನ್ ಕೊಡುವುದನ್ನು ಅವರು ಬೇರೆಯಾಗಿ ಕಲಿತಿದ್ದಾರೆಯೇ, ಅವರಿಗೂ ಒಬ್ಬ ಸೂಪರ್‌ವೈಸರ್ ಇದ್ದಾರೆಯೇ ಎಂದು ಸಂಕೋಚವಿಲ್ಲದೆ ಕೇಳಿ. ಎರಡನೆಯ ಪ್ರಶ್ನೆಗೆ ಬೇಸರಿಸುವವರ ಬಳಿ ಹೋಗದಿರುವುದು ಲೇಸು. ನಿಮಗೆ ಸಂಬಳ ಕೊಡುವವರು, ನಿಮ್ಮ ನೆಂಟರು, ನಿಮಗೆ ಕ್ಲೈಂಟ್‌ಗಳನ್ನು ಕಳಿಸುವವರು ಬೇಡ, ಏಕೆಂದರೆ ಅವರ ಮುಂದೆ ನೀವು ಚೆನ್ನಾಗಿ ಕಾಣಿಸಿಕೊಳ್ಳಲೇಬೇಕಾಗುತ್ತದೆ. ಶುಲ್ಕ, ಎಷ್ಟು ದಿನಕ್ಕೊಮ್ಮೆ, ತುರ್ತಿದ್ದರೆ ನಡುವೆ ಕರೆ ಮಾಡಬಹುದೇ, ಟಿಪ್ಪಣಿ ಯಾರಲ್ಲಿರುತ್ತದೆ ಎಂಬುದನ್ನೆಲ್ಲ ಒಂದು ಪುಟದಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ವಾರಕ್ಕೆ ಹತ್ತು-ಹನ್ನೆರಡು ಜನರನ್ನು ನೋಡುವವರಿಗೆ ಹದಿನೈದು ದಿನಕ್ಕೊಂದು ಗಂಟೆ ಯೋಗ್ಯ. ಖರ್ಚು ಹೆಚ್ಚೆನಿಸಿದರೆ ಶಿರಸಿ, ಕುಮಟಾ, ಹೊನ್ನಾವರದ ಮೂರು-ನಾಲ್ಕು ಜನ ಸೇರಿ ಒಬ್ಬ ಸೂಪರ್‌ವೈಸರ್ ಜೊತೆ ಗುಂಪಿನಲ್ಲಿ ಕೂರಬಹುದು. ಆದರೆ ಆಗ ಗುರುತು ಸಿಗುವ ಭಯ ಮತ್ತೆ ಬರುವುದರಿಂದ, ಹತ್ತಿರದ ಊರಿನ ಪ್ರಕರಣಗಳನ್ನು ಗುಂಪಿನಲ್ಲಿ ತರದೆ ಪ್ರತ್ಯೇಕವಾಗಿ ಮಾತನಾಡಬೇಕು.

ಭಾಷೆಯ ಬಗ್ಗೆ ನನ್ನದೊಂದು ಗಟ್ಟಿಯಾದ ಅಭಿಪ್ರಾಯವಿದೆ. ಕನ್ನಡ ಚೆನ್ನಾಗಿ ಬಲ್ಲವರನ್ನೇ ಆರಿಸಿ. ನಮ್ಮವರು ‘ಬೇಜಾರು’ ಎಂದಾಗ ಅದು ದುಃಖವಿರಬಹುದು, ಮುನಿಸಿರಬಹುದು, ಹೊತ್ತು ಹೋಗದಿರುವುದಿರಬಹುದು, ಬದುಕೇ ಸಾಕೆನಿಸಿರುವುದೂ ಇರಬಹುದು. ನೀವು ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದ ಕ್ಷಣವೇ ನಾಲ್ಕರಲ್ಲಿ ಒಂದನ್ನು ಆರಿಸಿಬಿಟ್ಟಿರುತ್ತೀರಿ, ಮತ್ತು ಸೂಪರ್‌ವೈಸರ್‌ಗೆ ಉಳಿದ ಮೂರು ಕಾಣುವುದೇ ಇಲ್ಲ. ಬಂದವರು ಹೇಳಿದ ವಾಕ್ಯವನ್ನು ಅವರದೇ ಮಾತಿನಲ್ಲಿ, ಹವ್ಯಕ ಕನ್ನಡವಾದರೆ ಹವ್ಯಕ ಕನ್ನಡದಲ್ಲಿಯೇ ಹೇಳಲು ನಿಮಗೆ ಸಾಧ್ಯವಾಗಬೇಕು.

ಸೂಪರ್‌ವಿಷನ್‌ನ ದಿನಕ್ಕಾಗಿ ಕಾಯಬಾರದ ಸಂಗತಿಗಳೂ ಇವೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯವಾಗಿರುವುದು ತಿಳಿದರೆ 2012ರ ಪೋಕ್ಸೋ ಕಾಯಿದೆಯ 19ನೆಯ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ಅಲ್ಲಿ ಗುಟ್ಟಿನ ನಿಯಮ ಅಡ್ಡ ಬರುವುದಿಲ್ಲ. ಜೀವಕ್ಕೆ ಅಪಾಯವಿದೆ ಎನಿಸಿದರೆ ಅದೇ ದಿನ ಮನೆಯವರನ್ನೂ ಮನೋವೈದ್ಯರನ್ನೂ ಸೇರಿಸಿಕೊಳ್ಳಬೇಕು. ಟೆಲಿ ಮನಸ್ ಸಹಾಯವಾಣಿ 14416 ಕನ್ನಡದಲ್ಲಿಯೂ ದೊರೆಯುತ್ತದೆ, ಆ ಸಂಖ್ಯೆ ನಿಮ್ಮ ಕೋಣೆಯ ಗೋಡೆಯ ಮೇಲಿರಲಿ. ಕ್ರಮ ಕೈಗೊಂಡ ಮೇಲೆ ಆ ಪ್ರಕರಣವನ್ನು ಸೂಪರ್‌ವಿಷನ್‌ಗೆ ಒಯ್ಯಿರಿ.

ನಿಮ್ಮ ಕುಮಟಾದ ಗೆಳತಿಗೂ ಇದು ಬೇಕು. ಕೋಚ್‌ಗಳ ಅಂತರರಾಷ್ಟ್ರೀಯ ಸಂಘವಾದ ಐಸಿಎಫ್ ಅರ್ಹತಾಪತ್ರಕ್ಕಾಗಿ ಕೇಳುವ 10 ಗಂಟೆಗಳ ಮೆಂಟರ್ ಕೋಚಿಂಗ್ ಆಗಿದ್ದರೆ ಸಾಕಲ್ಲವೇ ಎಂದು ಅವರು ಕೇಳಬಹುದು. ಅದು ಕನಿಷ್ಠ ಮೂರು ತಿಂಗಳಲ್ಲಿ ಹರಡಿಕೊಂಡಿರುವ, ಪ್ರಶ್ನೆ ಕೇಳುವ ಕೌಶಲವನ್ನು ತಿದ್ದುವ ತರಬೇತಿ. ಸೂಪರ್‌ವಿಷನ್ ವೃತ್ತಿಯುದ್ದಕ್ಕೂ ನಡೆಯುವಂಥದ್ದು. ಕೋಚ್‌ಗೆ ಅದು ವಿಶೇಷವಾಗಿ ಎರಡು ಕಡೆ ನೆರವಾಗುತ್ತದೆ. ಹಣ ಕೊಡುವವರು ತಂದೆ-ತಾಯಿ ಅಥವಾ ಕಂಪನಿ, ಎದುರು ಕೂರುವವರು ಬೇರೆ ಎಂದಾಗ ಗುರಿ ಯಾರದ್ದು ಎಂಬ ಗೊಂದಲ ಒಂದು. ಗುರಿಯ ಮಾತನಾಡುತ್ತಾ ತಿಂಗಳಾದರೂ ಹುಡುಗಿ ಊಟ ಬಿಟ್ಟಿದ್ದಾಳೆ, ನಿದ್ದೆ ಬಿಟ್ಟಿದ್ದಾಳೆ ಎಂದಾಗ, ಇದು ತನ್ನ ಕೆಲಸದ ಎಲ್ಲೆ ಮೀರಿತೆಂದು ಗುರುತಿಸಿ ಮನೋವೈದ್ಯರ ಬಳಿಗೆ ಕಳಿಸುವುದು ಇನ್ನೊಂದು. ಚಿಕಿತ್ಸೆಯ ತರಬೇತಿ ಇಲ್ಲದವರಿಗೆ ಈ ಎಲ್ಲೆ ಒಬ್ಬರೇ ಕುಳಿತರೆ ಕಾಣುವುದಿಲ್ಲ.

ಕೊನೆಯದಾಗಿ, ಏನನ್ನು ಒಯ್ಯಬೇಕು ಎಂಬುದು. ಇದನ್ನು ನೀವು ಕೇಳಿಲ್ಲ, ಆದರೆ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಅಮೆರಿಕದಲ್ಲಿ ನಿಕೋಲಸ್ ಲಡಾನಿ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸೂಪರ್‌ವಿಷನ್ ಪಡೆಯುತ್ತಿದ್ದ ನೂರಕ್ಕೂ ಹೆಚ್ಚು ಜನರಲ್ಲಿ ಶೇ. 97ರಷ್ಟು ಮಂದಿ ಏನಾದರೊಂದನ್ನು ತಮ್ಮ ಸೂಪರ್‌ವೈಸರ್‌ಗೆ ಹೇಳದೆ ಉಳಿಸಿಕೊಂಡಿದ್ದುದಾಗಿ ಒಪ್ಪಿಕೊಂಡರು. ನಾನೂ ಉಳಿಸಿಕೊಂಡಿದ್ದೇನೆ. ಚೆನ್ನಾಗಿ ನಡೆದ ಪ್ರಕರಣವನ್ನು ಒಯ್ದು ಭೇಷ್ ಎನಿಸಿಕೊಂಡು ಬಂದ ಗಂಟೆಗಳು ನನ್ನ ಲೆಕ್ಕದಲ್ಲಿ ವ್ಯರ್ಥವಾದವು.

ನೀವು ಅಗತ್ಯ, ಗುಟ್ಟು, ಆಯ್ಕೆ ಎಲ್ಲದರ ಬಗ್ಗೆ ಪ್ರಶ್ನೆ ಕೇಳಿದ್ದೀರಿ. ಸಂಬಂಧಿಕರ ಮಗನ ವಿಷಯವನ್ನು ಮಾತ್ರ ಒಂದು ವಾಕ್ಯದಲ್ಲಿ ಹೇಳಿ, "ಅದಿರಲಿ" ಎಂದು ಪತ್ರ ಮುಗಿಸಿದ್ದೀರಿ. ನನ್ನ ಕಣ್ಣು ನಿಂತದ್ದು ಆ ಮಾತಿನ ಮೇಲೆ. ಮೊದಲ ಗಂಟೆಗೆ ಅದನ್ನೇ ಒಯ್ಯಿರಿ. ಆ ತಾಯಿ ರಾತ್ರಿ ಎಷ್ಟು ಗಂಟೆಗೆ ಫೋನ್ ಮಾಡುತ್ತಾರೆ, ನೀವು ಎತ್ತುತ್ತೀರೋ ಇಲ್ಲವೋ, ಎತ್ತಿದಾಗ ಅವರನ್ನು ಅತ್ತೆ ಎನ್ನುತ್ತೀರೋ ಅಕ್ಕ ಎನ್ನುತ್ತೀರೋ, ಹುಡುಗ ಹೇಳಿದ್ದರಲ್ಲಿ ಏನಾದರೂ ನಿಮ್ಮ ಬಾಯಿಂದ ಜಾರಿದೆಯೇ, ತಾಯಿಯ ಕರೆಯ ವಿಷಯ ಹುಡುಗನಿಗೆ ಗೊತ್ತೇ, ಮುಂದಿನ ಮದುವೆಮನೆಯಲ್ಲಿ ಅವರು ಎದುರಾದರೆ ಏನು ಮಾಡಬೇಕೆಂದುಕೊಂಡಿದ್ದೀರಿ ಎಂಬುದನ್ನೆಲ್ಲ ಹೋಗುವ ಮೊದಲು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಬರುವುದನ್ನು ಬಿಟ್ಟ ಆ ಇಬ್ಬರ ಬಗ್ಗೆ ಎರಡನೆಯ ಗಂಟೆಯಲ್ಲಿ ಮಾತನಾಡಬಹುದು. ಈ ಹುಡುಗನನ್ನು ಬೇರೊಬ್ಬ ಸಮಾಲೋಚಕರಿಗೆ ಒಪ್ಪಿಸಬೇಕೇ, ಒಪ್ಪಿಸುವುದಾದರೆ ಅವನಿಗೆ ಕೈಬಿಟ್ಟಂತೆ ಅನಿಸದ ಹಾಗೆ ಹೇಗೆ ಹೇಳಬೇಕು ಎಂಬುದನ್ನು ಮಾತ್ರ ಈ ತಿಂಗಳೊಳಗೆ ತೀರ್ಮಾನಿಸಿ, ಮತ್ತು ಅದನ್ನು ಒಬ್ಬರೇ ತೀರ್ಮಾನಿಸಬೇಡಿ.